ಗೆಳೆಯರ ಜತೆ ಬಿಸ್ಟ್ರೋ ಊಟ: ಓದುಗರ ಪ್ರಶ್ನೆ, ನಮ್ಮ ಉತ್ತರ

ಚರ್ಚ್ ಸ್ಟ್ರೀಟು, ಇಂದಿರಾನಗರ, ಕೋರಮಂಗಲದ ಪಿಜ್ಜಾ-ಪಾಸ್ತಾ ಬಿಸ್ಟ್ರೋಗಳಂಥ ಪುಟ್ಟ ರೆಸ್ಟೋರೆಂಟುಗಳು ಈಗ ಮೈಸೂರು, ಮಂಗಳೂರು, ಹುಬ್ಬಳ್ಳಿಯಲ್ಲೂ ಇವೆ. ಅಲ್ಲಿ ಗುಂಪಾಗಿ ಊಟಕ್ಕೆ ಕೂತಾಗ ಏಳುವ ತಕರಾರುಗಳ ಬಗ್ಗೆ ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ಆಫೀಸಿನ ಆರು ಜನ ತಿಂಗಳಿಗೊಮ್ಮೆ ಹೊರಗೆ ಊಟಕ್ಕೆ ಹೋಗುತ್ತೇವೆ. ಮೂವರು ಕುಡಿಯುತ್ತಾರೆ, ಮೂವರು ಇಲ್ಲ. ಬಿಲ್ಲು ಮಾತ್ರ ಪ್ರತಿ ಸಲ ಆರು ಸಮಪಾಲು. ಬಾಯಿಬಿಟ್ಟರೆ ಜಿಪುಣಿ ಅನ್ನಿಸಿಕೊಳ್ಳಬೇಕು. ಏನು ಮಾಡಲಿ?
— ಓದುಗರು, ಬನಶಂಕರಿ, ಬೆಂಗಳೂರು

ಮೊದಲು ಲೆಕ್ಕ ನೋಡಿ. ಊಟದ್ದು 5,400 ರೂ., ಅದಕ್ಕೆ 5% ಜಿಎಸ್‌ಟಿ 270 ರೂ., ಒಟ್ಟು 5,670. ಮದ್ಯದ್ದು 3,000 ಅಂದುಕೊಳ್ಳೋಣ. ಎಲ್ಲ ಸೇರಿಸಿ ಆರರಿಂದ ಭಾಗಿಸಿದರೆ ತಲೆಗೆ 1,445. ಊಟವನ್ನು ಮಾತ್ರ ಆರು ಪಾಲು, ಮದ್ಯವನ್ನು ಮೂರು ಪಾಲು ಮಾಡಿದರೆ ಕುಡಿಯದವರಿಗೆ 945, ಕುಡಿದವರಿಗೆ 1,945. ಅಂದರೆ ಪ್ರತಿ ಸಲವೂ ನೀವು ಬೇರೆಯವರ ಗ್ಲಾಸಿಗೆ 500 ರೂ. ಕೊಡುತ್ತಿದ್ದೀರಿ. ಇದನ್ನು ಕೇಳುವುದು ಜಿಪುಣತನವಲ್ಲ. ಆದರೆ ಕೇಳುವ ಹೊತ್ತು ಬಿಲ್ಲು ಬಂದ ಮೇಲಲ್ಲ, ಆರ್ಡರ್ ಕೊಡುವಾಗ.

ಅದಕ್ಕೆ ಕಾರಣವೂ ಇದೆ. ನೀವು ಹೇಳಿದ ಪ್ರತಿ ಐಟಂ ಟೇಬಲ್ ನಂಬರಿನ ಮೇಲೆ ಕೆಓಟಿ ಎಂಬ ಆರ್ಡರ್ ಚೀಟಿಯಾಗಿ ಅಡುಗೆಮನೆಗೆ ಹೋಗುತ್ತದೆ. ಶುರುವಿನಲ್ಲೇ ‘ಡ್ರಿಂಕ್ಸ್‌ದು ಬೇರೆ ಬಿಲ್ ಮಾಡಿಬಿಡಿ’ ಎಂದರೆ ವೇಟರಿಗೆ ಸುಲಭ. ಮದ್ಯಕ್ಕೆ ಜಿಎಸ್‌ಟಿ ಇಲ್ಲದ ಕಾರಣ ಎಷ್ಟೋ ಕಡೆ ಅದನ್ನು ಹೇಗೂ ಬೇರೆಯಾಗಿಯೇ ತೋರಿಸಿರುತ್ತಾರೆ. ಬಿಲ್ಲು ಪ್ರಿಂಟಾದ ಮೇಲೆ ಒಡೆಯಬೇಕೆಂದರೆ ಅನೇಕ ಕಡೆ ಮ್ಯಾನೇಜರೇ ಬಂದು ಸಿಸ್ಟಂನಲ್ಲಿ ತಿದ್ದಬೇಕು. ಶನಿವಾರ ರಾತ್ರಿ ಒಂಬತ್ತೂವರೆಗೆ ಆ ಕೆಲಸ ಯಾರಿಗೂ ಇಷ್ಟವಿರುವುದಿಲ್ಲ, ಮುಖ ಸಿಂಡರಿಸಿದರೆ ತಪ್ಪು ತಿಳಿಯಬೇಡಿ.

ಊಟದ ಪಾಲಿಗೂ ಒಂದು ಕಟ್ಟು ಹಾಕಿಕೊಳ್ಳಿ: ಟೇಬಲ್ಲಿನ ನಡುವೆ ಇಟ್ಟದ್ದು ಎಲ್ಲರದ್ದು, ತಟ್ಟೆಯಲ್ಲಿ ಒಬ್ಬರ ಮುಂದೆ ಬಂದದ್ದು ಅವರದ್ದು. ತಡವಾಗಿ ಬಂದು ಡೆಸರ್ಟ್ ಮಾತ್ರ ತಿಂದವರು ಡೆಸರ್ಟಿನ ದುಡ್ಡು ಕೊಟ್ಟರೆ ಸಾಕು. ನೂರು ರೂಪಾಯಿಯೊಳಗಿನ ವ್ಯತ್ಯಾಸ ಹಿಡಿದು ಕೂರಬೇಡಿ. ಅದನ್ನೂ ಲೆಕ್ಕ ಹಾಕಿದರೆ ಜಿಪುಣಿ ಎಂಬ ಮಾತು ನ್ಯಾಯವಾದದ್ದೇ.

ಒಬ್ಬರೇ ಪೂರ್ತಿ ಕಟ್ಟುವುದು ಒಳ್ಳೆಯದು. ಕಟ್ಟಿದವರು ಅದೇ ರಾತ್ರಿ ಗುಂಪಿಗೆ ಬಿಲ್ಲಿನ ಫೋಟೋ ಮಾತ್ರ ಹಾಕಿ ಸುಮ್ಮನಾಗದೆ, ಹೆಸರಿನ ಮುಂದೆ ಮೊತ್ತ ಬರೆದು ತಮ್ಮ ಕ್ಯೂಆರ್ ಕೋಡ್ ಕಳಿಸಲಿ. ಫೋಟೋ ನೋಡಿ ತಾವೇ ಲೆಕ್ಕ ಹಾಕಿ ಕಳಿಸುವವರು ಅಪರೂಪ. ಯುಪಿಐಯಲ್ಲಿ ಒಬ್ಬರು ಇನ್ನೊಬ್ಬರಿಗೆ ‘ಹಣ ಕಳಿಸಿ’ ಎಂದು ಕೋರಿಕೆ ಹಾಕುವ ಸೌಲಭ್ಯವನ್ನು ವಂಚನೆ ತಡೆಯಲೆಂದು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಗಿದೆ. ಹಾಗಾಗಿ ಕ್ಯೂಆರ್ ಕೋಡೇ ನೇರ ದಾರಿ.

ಪ್ರಶ್ನೆ: ಬೆಂಗಳೂರಿನ ಒಂದು ಬಿಸ್ಟ್ರೋದಲ್ಲಿ ಬಿಲ್ಲಿಗೆ 10% ಸರ್ವೀಸ್ ಚಾರ್ಜ್ ಹಾಕಿದ್ದರು. ‘ಎಲ್ಲ ಕಡೆ ಹೀಗೇ ಸರ್’ ಅಂದರು. ಕೊಡಲೇಬೇಕಾ? ಜಿಎಸ್‌ಟಿ ಸರಿಯಿದೆಯೋ ಇಲ್ಲವೋ ಅಂತ ನೋಡುವುದು ಹೇಗೆ?
— ಓದುಗರು, ಹುಬ್ಬಳ್ಳಿ

ಕೊಡಲೇಬೇಕಿಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿ ಪ್ರಕಾರ ಹೋಟೆಲು, ರೆಸ್ಟೋರೆಂಟುಗಳು ಸರ್ವೀಸ್ ಚಾರ್ಜನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ. ಬೇರೆ ಹೆಸರಿನಲ್ಲೂ ವಸೂಲಿ ಮಾಡುವಂತಿಲ್ಲ, ಕೊಡದವರನ್ನು ಬಾಗಿಲಲ್ಲಿ ತಡೆಯುವಂತಿಲ್ಲ. ಆ ತಿಂಗಳೇ ದೆಹಲಿ ಹೈಕೋರ್ಟ್ ಇದಕ್ಕೆ ತಡೆ ಕೊಟ್ಟಿತ್ತು. 2025ರ ಮಾರ್ಚ್ 28ರಂದು ಅದೇ ಕೋರ್ಟು ರೆಸ್ಟೋರೆಂಟ್ ಸಂಘಗಳ ಅರ್ಜಿ ವಜಾ ಮಾಡಿ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಖುಷಿಯಿಂದ ಕೊಟ್ಟರೆ ಅದು ಟಿಪ್ಸ್, ಅಷ್ಟೇ.

ತೆಗೆಸುವಾಗ ಇನ್ನೊಂದು ವಿಷಯ ಗಮನಿಸಿ. ಊಟ 4,000 ರೂ., ಸರ್ವೀಸ್ ಚಾರ್ಜ್ 400. ಅನೇಕರು 4,400ರ ಮೇಲೆ 5% ತೆರಿಗೆ ಹಾಕುತ್ತಾರೆ, ಆಗ 220 ರೂ. ಸೇರಿ ಬಿಲ್ಲು 4,620. ಸರ್ವೀಸ್ ಚಾರ್ಜ್ ಹೋದರೆ ತೆರಿಗೆಯೂ 200ಕ್ಕಿಳಿದು 4,200 ಆಗಬೇಕು. 400 ಮಾತ್ರ ಕಳೆದು 4,220 ಕೇಳಿದರೆ ಬಿಲ್ಲನ್ನು ಹೊಸದಾಗಿ ತೆಗೆಯಲು ಹೇಳಿ. ಕೆಲವು ಬಿಲ್ಲುಗಳಲ್ಲಿ ಸರ್ವೀಸ್ ಚಾರ್ಜನ್ನು ‘ಎಸ್.ಸಿ.’ ಎಂದು ಚಿಕ್ಕದಾಗಿ ಬರೆದು ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ (ಜಿಎಸ್‌ಟಿಯ ಕೇಂದ್ರ, ರಾಜ್ಯದ ಪಾಲು) ಸಾಲುಗಳ ಪಕ್ಕವೇ ಕೂರಿಸಿರುತ್ತಾರೆ. ಸರ್ಕಾರದ ತೆರಿಗೆಯೆಂದೇ ಜನ ಅದನ್ನು ದಾಟಿಹೋಗುತ್ತಾರೆ.

ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಜಗಳವಾಡಿ ಊಟದ ಖುಷಿ ಕಳೆದುಕೊಳ್ಳುವ ಮನಸ್ಸಿಲ್ಲದಿದ್ದರೆ ಕಟ್ಟಿ ಬನ್ನಿ, ಬಿಲ್ಲನ್ನು ಜೋಪಾನವಾಗಿಟ್ಟುಕೊಂಡು ಆಮೇಲೆ ದೂರು ಕೊಡಿ. ಟೇಬಲ್ಲಿಗೆ ಬಡಿಸಿದ ಹುಡುಗನ ಮೇಲೆ ಮಾತ್ರ ರೇಗಬೇಡಿ. ಬಿಲ್ಲಿನ ನಿಯಮ ಅವನು ಮಾಡಿದ್ದಲ್ಲ. ಅವನ ಕೆಲಸ ಹಿಡಿಸಿದ್ದರೆ ಟಿಪ್ಸನ್ನು ನಗದಾಗಿ ಅವನ ಕೈಗೇ ಕೊಡಿ.

ಇನ್ನು ಜಿಎಸ್‌ಟಿ. ಸಾಮಾನ್ಯ ರೆಸ್ಟೋರೆಂಟಿಗೆ 5%, ಅಂದರೆ ಬಿಲ್ಲಿನಲ್ಲಿ 2.5% ಎರಡು ಸಾಲು. ದುಬಾರಿ ಸ್ಟಾರ್ ಹೋಟೆಲಿನೊಳಗಿನ ರೆಸ್ಟೋರೆಂಟಾದರೆ 18% ಇರಬಹುದು. ಬಿಯರ್, ವೈನ್, ಕಾಕ್‌ಟೇಲ್ ಮೇಲೆ ಜಿಎಸ್‌ಟಿ ಇರಬಾರದು. ಮದ್ಯವಿಲ್ಲದ ಮಾಕ್‌ಟೇಲ್, ಸೋಡಾಕ್ಕೆ ಇರುತ್ತದೆ. ಜಿಎಸ್‌ಟಿ ನಂಬರ್ 15 ಅಕ್ಷರ-ಅಂಕಿಗಳದ್ದು, ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಚಿಕ್ಕ ಕೆಫೆಗಳು ಕಾಂಪೊಸಿಷನ್ ಸ್ಕೀಮಿನಲ್ಲಿದ್ದರೆ (ವಹಿವಾಟಿನ ಮೇಲೆ ಸಣ್ಣ ತೆರಿಗೆಯನ್ನು ತಾವೇ ಕಟ್ಟುವ ಸರಳ ವ್ಯವಸ್ಥೆ) ಗ್ರಾಹಕರಿಂದ ತೆರಿಗೆ ವಸೂಲಿ ಮಾಡುವಂತೆಯೇ ಇಲ್ಲ. ಹಾಗಂತ ಬಿಲ್ಲಿನ ಮೇಲೆ ಬರೆದಿರಬೇಕು. ಅದನ್ನೂ ಬರೆದು ಕೆಳಗೆ 5% ಸೇರಿಸಿದ್ದರೆ ಧೈರ್ಯವಾಗಿ ಕೇಳಿ.

ಪ್ರಶ್ನೆ: ನಾನು ಶುದ್ಧ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಗೆಳೆಯರು ಇಟಾಲಿಯನ್ ಜಾಗಕ್ಕೆ ಕರೆಯುತ್ತಾರೆ. ‘ವೆಜ್’ ಅಂತ ಬರೆದದ್ದನ್ನೆಲ್ಲ ನಂಬಿ ತಿನ್ನಬಹುದೇ?
— ಓದುಗರು, ಶಿವಮೊಗ್ಗ

ಹಸಿರು ಗುರುತಿದ್ದರೆ ಬಹುಪಾಲು ನಂಬಬಹುದು. ನಮ್ಮ ಆಹಾರ ನಿಯಮದಲ್ಲಿ ಮೊಟ್ಟೆ ಬಿದ್ದರೂ ಅದು ಮಾಂಸಾಹಾರದ ಲೆಕ್ಕವೇ. ಆದರೆ ಎಡವಟ್ಟಾಗುವುದು ಗುರುತೇ ಇಲ್ಲದ ಮೆನುಗಳಲ್ಲಿ, ಗೋಡೆಯ ಕಪ್ಪು ಹಲಗೆಯಲ್ಲಿ ಸೀಮೆಸುಣ್ಣದಿಂದ ಬರೆದ ‘ಇಂದಿನ ವಿಶೇಷ’ಗಳಲ್ಲಿ, ಮತ್ತೆ ‘ಚಿಕನ್ ತೆಗೆದು ಕೊಡ್ತೀವಿ ಮೇಡಂ’ ಎಂಬ ಮಾತಿನಲ್ಲಿ.

‘ಇದು ವೆಜ್ಜಾ?’ ಎಂದು ಕೇಳಿದರೆ ವೇಟರ್ ಹೂಂ ಅಂದುಬಿಡುತ್ತಾರೆ. ಅದರ ಬದಲು ಐಟಂ ಹಿಡಿದು ಕೇಳಬೇಕು.

ಸೂಪು, ರಿಸೊಟ್ಟೊ (ಇಟಲಿಯ ಅನ್ನದ ತಿನಿಸು) ಆದರೆ ‘ಸ್ಟಾಕ್ ಯಾವುದು?’ ಅಂತ. ಸ್ಟಾಕ್ ಅಂದರೆ ಮೂಳೆಯನ್ನೋ ತರಕಾರಿಯನ್ನೋ ಕುದಿಸಿ ಸೋಸಿದ ನೀರು. ಅಣಬೆ ರಿಸೊಟ್ಟೊದಲ್ಲಿ ಕಣ್ಣಿಗೆ ಕಾಣುವುದೆಲ್ಲ ತರಕಾರಿಯೇ, ಅಕ್ಕಿ ಬೆಂದದ್ದು ಕೋಳಿಯ ಸ್ಟಾಕಿನಲ್ಲಿರಬಹುದು. ಫ್ರೆಂಚ್ ಆನಿಯನ್ ಸೂಪಿನ ಮೂಲ ಪಾಕವೇ ದನದ ಮೂಳೆಯ ಸ್ಟಾಕ್. ಸೀಸರ್ ಸಲಾಡಿನ ಡ್ರೆಸಿಂಗಿನಲ್ಲಿ ಆ್ಯಂಚೊವಿ ಎಂಬ ಪುಟ್ಟ ಮೀನು, ಜತೆಗೆ ಹಸಿ ಮೊಟ್ಟೆಯ ಹಳದಿ ಇರುತ್ತದೆ. ಮೇಲಿನ ಚಿಕನ್ ತುಂಡು ತೆಗೆದರೆ ಅದು ವೆಜ್ ಆಗುವುದಿಲ್ಲ. ವೂಸ್ಟರ್‌ಶೈರ್ ಸಾಸಿನಲ್ಲೂ ಇದೇ ಮೀನು. ಅದು ಬರ್ಗರ್ ಸಾಸಿಗೂ ಟೊಮೆಟೊ ಜ್ಯೂಸಿನ ಕಾಕ್‌ಟೇಲಿಗೂ ಬೀಳುತ್ತದೆ. ಇಟಾಲಿಯನ್ ಜಾಗದ ಮೆನುವಿನಲ್ಲಿ ಥಾಯ್ ಕರಿಯೂ ಇದ್ದರೆ, ಅದರ ಪೇಸ್ಟಿನಲ್ಲಿ ಒಣಸಿಗಡಿ ಇದೆಯೇ ಎಂದು ವಿಚಾರಿಸಿ.

ಪಾಸ್ತಾದಲ್ಲಿ ಎರಡು ಬಗೆ. ಪ್ಯಾಕೆಟ್ಟಿನಲ್ಲಿ ಬರುವ ಒಣ ಪೆನ್ನೆ, ಸ್ಪಗೆಟಿ ಸಾಮಾನ್ಯವಾಗಿ ಡ್ಯೂರಮ್ ಗೋಧಿರವೆ ಮತ್ತು ನೀರು ಮಾತ್ರ. ‘ನಾವೇ ಮಾಡಿದ ತಾಜಾ ಪಾಸ್ತಾ’ ಎಂದು ಹೆಮ್ಮೆಯಿಂದ ಬರೆದಿದ್ದರೆ ಮೊಟ್ಟೆ ಹಾಕಿ ಕಲಸಿರುವ ಸಾಧ್ಯತೆ ಹೆಚ್ಚು. ಟ್ಯಾಲಿಯಟೆಲ್ಲೆ, ರವಿಯೋಲಿ, ಲಸಾನ್ಯ ಹಾಳೆಗಳನ್ನು ಕೇಳದೆ ತಿನ್ನಬೇಡಿ. ಬರ್ಗರ್ ಬನ್ನಿನ ಹೊಳಪು ಎಷ್ಟೋ ಸಲ ಮೊಟ್ಟೆ ಸವರಿದ್ದರಿಂದ ಬಂದದ್ದು. ಮಯೋನೀಸ್‌ನಲ್ಲಿ ಮೊಟ್ಟೆಯಿಲ್ಲದ ಬಗೆ ನಮ್ಮಲ್ಲಿ ಧಾರಾಳವಾಗಿ ಸಿಗುತ್ತದೆ, ಯಾವುದು ಹಾಕಿದ್ದಾರೆ ಎಂದು ಕೇಳಿದರಾಯಿತು.

ಪಾರ್ಮೆಸಾನ್ ಚೀಸಿನ ಪ್ರಶ್ನೆಯನ್ನು ಬಹಳ ಜನ ಕೇಳುತ್ತಾರೆ. ಇಟಲಿಯ ಅಸಲಿ ಪಾರ್ಮಿಜಾನೊ ರೆಜಾನೊ ಮಾಡಲು ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಇಲ್ಲಿಯ ಕಂಪನಿಗಳು ಅದೇ ಥರದ ಚೀಸನ್ನು ಸೂಕ್ಷ್ಮಜೀವಿಗಳಿಂದ ತಯಾರಾದ ರೆನೆಟ್ ಬಳಸಿ ಮಾಡುತ್ತವೆ, ಪ್ಯಾಕಿನ ಮೇಲೆ ಹಸಿರು ಗುರುತಿರುತ್ತದೆ. ಅನುಮಾನವಿದ್ದರೆ ಪ್ಯಾಕ್ ತೋರಿಸಿ ಎನ್ನಿ. ಪೆಸ್ಟೊ ಸಾಸಿನಲ್ಲೂ ಈ ಚೀಸ್ ಇದೆ. ಬೀಜಗಳ ಅಲರ್ಜಿ ಇರುವವರು ಪೆಸ್ಟೊ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಅದಕ್ಕೆ ಹಾಕಬೇಕಾದ ಪೈನ್ ನಟ್ ದುಬಾರಿಯೆಂದು ಅನೇಕರು ಗೋಡಂಬಿಯನ್ನೋ ಆಕ್ರೋಟನ್ನೋ ರುಬ್ಬಿಹಾಕುತ್ತಾರೆ.

ಡೆಸರ್ಟಿನಲ್ಲಿ ಪನ್ನಕೋಟ, ಮೂಸ್, ಒಲೆಗಿಡದೆ ಮಾಡುವ ಚೀಸ್‌ಕೇಕ್‌ಗೆ ಜೆಲಟಿನ್ ಹಾಕುವುದುಂಟು. ಅದು ಪ್ರಾಣಿಯ ಚರ್ಮ-ಮೂಳೆಯದ್ದು. ಅಗರ್ ಅಗರ್ ಆದರೆ ಸಮುದ್ರದ ಪಾಚಿಯಿಂದ ತೆಗೆದದ್ದು, ಅಡ್ಡಿಯಿಲ್ಲ. ತಿರಮಿಸುವಿನಲ್ಲಿ ಮೊಟ್ಟೆಯ ಜತೆ ಮದ್ಯವೂ ಇರಬಹುದು.

ಇಷ್ಟೆಲ್ಲ ಕೇಳಿದ ಮೇಲೂ ಉಳಿಯುವುದು ಎಣ್ಣೆಯ ಪ್ರಶ್ನೆ. ಚಿಕ್ಕ ಅಡುಗೆಮನೆಯಲ್ಲಿ ಫ್ರೈಯರ್ ಒಂದೇ ಇದ್ದರೆ ನಿಮ್ಮ ಫ್ರೆಂಚ್ ಫ್ರೈಸ್ ಬೇಯುವುದು ಚಿಕನ್ ವಿಂಗ್ಸ್ ಬೆಂದ ಎಣ್ಣೆಯಲ್ಲೇ. ನಿಮಗದು ಆಗದಿದ್ದರೆ ಕರಿದದ್ದನ್ನು ಪೂರ್ತಿ ಬಿಟ್ಟು ಪಿಜ್ಜಾ ಹಿಡಿಯಿರಿ. ‘ಬೇರೆ ಕಟರ್‌ನಲ್ಲಿ ಕತ್ತರಿಸಿಕೊಡಿ’ ಎಂದರೆ ಸಾಮಾನ್ಯವಾಗಿ ಮಾಡಿಕೊಡುತ್ತಾರೆ. ಈರುಳ್ಳಿ-ಬೆಳ್ಳುಳ್ಳಿ ತಿನ್ನದವರಿಗೂ ಪಾಸ್ತಾಗಿಂತ ಪಿಜ್ಜಾ ವಾಸಿ. ಪಾಸ್ತಾ ಸಾಸನ್ನು ಬೆಳಿಗ್ಗೆಯೇ ಈರುಳ್ಳಿ-ಬೆಳ್ಳುಳ್ಳಿ ಹುರಿದು ದೊಡ್ಡ ಪಾತ್ರೆಯಲ್ಲಿ ಕುದಿಸಿಟ್ಟಿರುತ್ತಾರೆ, ರಾತ್ರಿ ಅದರಿಂದ ಏನನ್ನೂ ಹೊರಗೆ ತೆಗೆಯಲಾಗದು. ಇಟಲಿಯ ನೇಪಲ್ಸ್ ಶೈಲಿಯ ಪಿಜ್ಜಾಕ್ಕೆ ಸವರುವುದು ಬರೀ ಟೊಮೆಟೊ ಮತ್ತು ಉಪ್ಪು.

ಪ್ರಶ್ನೆ: ಆರು ಜನಕ್ಕೆ ಎಷ್ಟು ಆರ್ಡರ್ ಮಾಡಬೇಕು? ಒಮ್ಮೆ ಉಳಿಯುತ್ತದೆ, ಒಮ್ಮೆ ಸಾಲುವುದಿಲ್ಲ. ಒಬ್ಬರ ತಟ್ಟೆ ಖಾಲಿಯಾಗುವಾಗ ಇನ್ನೊಬ್ಬರದ್ದು ಬರುತ್ತದೆ.
— ಓದುಗರು, ಮೈಸೂರು

ಹಂಚಿ ತಿನ್ನುವುದಾದರೆ ಆರು ಜನಕ್ಕೆ ಮೊದಲ ಸುತ್ತಿಗೆ ಮೂರು ಸ್ಟಾರ್ಟರ್, ಒಂದು ಸಲಾಡ್. ಎರಡನೇ ಸುತ್ತಿಗೆ 12 ಇಂಚಿನ ಎರಡು ಪಿಜ್ಜಾ, ಎರಡು ಪಾಸ್ತಾ. 12 ಇಂಚಿನ ಒಂದನ್ನು ಎಂಟು ತುಂಡು ಮಾಡುತ್ತಾರೆ, ಆ ಲೆಕ್ಕಕ್ಕೆ ತಲೆಗೆ ಎರಡೂವರೆ ತುಂಡಿಗಿಂತ ಸ್ವಲ್ಪ ಜಾಸ್ತಿ. ಡೆಸರ್ಟನ್ನು ಆಗಲೇ ಹೇಳಬೇಡಿ, ಹೊಟ್ಟೆ ನೋಡಿಕೊಂಡು ಹೇಳಿ. ಎರಡೋ ಮೂರೋ ಸಾಕಾಗುತ್ತದೆ.

ಪಿಜ್ಜಾದ ಅಳತೆಯಲ್ಲಿ ಜನ ಮೋಸ ಹೋಗುತ್ತಾರೆ. 9 ಇಂಚಿನದು ಸುಮಾರು 64 ಚದರ ಇಂಚು, 12 ಇಂಚಿನದು 113. ಮೂರೇ ಇಂಚು ಜಾಸ್ತಿ, ತಿನ್ನಲು ಸಿಗುವುದು ಒಂದೂಮುಕ್ಕಾಲು ಪಟ್ಟು. ಹಾಗಾಗಿ 9 ಇಂಚಿನದಕ್ಕೆ 400 ರೂ. ಇದ್ದರೆ 12 ಇಂಚಿನದಕ್ಕೆ 700ರವರೆಗೂ ಕೊಡುವುದು ನಷ್ಟವಲ್ಲ. ಆದರೆ ಎರಡು ರುಚಿ ಬೇಕಾದರೆ 9 ಇಂಚಿನ ಎರಡು ತೆಗೆದುಕೊಳ್ಳಿ. ಒಟ್ಟು 127 ಚದರ ಇಂಚು, ಒಂದು ದೊಡ್ಡದಕ್ಕಿಂತ ಸ್ವಲ್ಪ ಜಾಸ್ತಿಯೇ.

ಪಾಸ್ತಾ ಒಬ್ಬರ ಊಟದ ಅಳತೆಯದು, ಒಣಗಿದ್ದಾಗ 80ರಿಂದ 100 ಗ್ರಾಂ. ಆರು ಜನ ಹಂಚಿಕೊಂಡರೆ ತಟ್ಟೆಗೆ ಮೂರು-ನಾಲ್ಕು ಚಮಚ ಬಂದೀತು. ಅದು ಬಂದ ತಕ್ಷಣ ಮೊದಲು ತಿಂದು ಮುಗಿಸಬೇಕು. ಕ್ರೀಮ್, ಚೀಸಿನ ಸಾಸ್ ಆರುತ್ತ ಹೋದಂತೆ ಗಟ್ಟಿಯಾಗಿ ಪಾಸ್ತಾಕ್ಕೆ ಅಂಟಿಕೊಳ್ಳುತ್ತದೆ. ಎಲ್ಲರೂ ಫೋಟೋ ತೆಗೆದುಕೊಂಡು ಮುಗಿಸುವಷ್ಟರಲ್ಲಿ ಮುದ್ದೆ. ರಿಸೊಟ್ಟೊ ಇನ್ನೂ ಬೇಗ ಬಿಗಿಯುತ್ತದೆ. ತೆಳು ಪಿಜ್ಜಾ ತಡೆದುಕೊಳ್ಳುತ್ತದೆ, ನೇಪಲ್ಸ್ ಶೈಲಿಯದು ಮಾತ್ರ ಇಲ್ಲ. ಅದರ ನಡುಭಾಗ ಒಲೆಯಿಂದ ಬರುವಾಗಲೇ ಒದ್ದೆ, ತಡಮಾಡಿದರೆ ತುದಿ ಜೋತುಬೀಳುತ್ತದೆ. ಪಾರ್ಸೆಲ್ಲಿಗಂತೂ ಆಗದು.

ಊಟ ಹಿಂದೆಮುಂದೆ ಬರುವುದಕ್ಕೆ ಕಾರಣ ಅಡುಗೆಮನೆಯ ವಿಭಾಗಗಳು. ಸಲಾಡ್, ಗ್ರಿಲ್, ಪಾಸ್ತಾ, ಪಿಜ್ಜಾ ಒಲೆ ಬೇರೆಬೇರೆ ಕೈಗಳಲ್ಲಿರುತ್ತವೆ, ಯಾರದ್ದು ಮುಗಿಯಿತೋ ಅದು ಹೊರಡುತ್ತದೆ. ಸೌದೆ ಒಲೆಯಲ್ಲಿ 450 ಡಿಗ್ರಿ ಸೆಲ್ಸಿಯಸ್ ಹತ್ತಿರದ ಬಿಸಿಗೆ ನೇಪಲ್ಸ್ ಪಿಜ್ಜಾ ಒಂದೂವರೆ ನಿಮಿಷದೊಳಗೆ ಬೆಂದರೂ, ಒಮ್ಮೆಗೆ ಹಿಡಿಯುವುದು ಕೆಲವೇ ಕೆಲವು. ರಿಸೊಟ್ಟೊ ಮೊದಲಿನಿಂದ ಮಾಡಿದರೆ ಹದಿನೆಂಟಿಪ್ಪತ್ತು ನಿಮಿಷ ಬೇಕು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರೆ ಒಂದೇ ಕೆಓಟಿಯಾಗಿ ಹೋಗಿ ಫ್ರೈಸ್ ಮತ್ತು ಪಿಜ್ಜಾ ಒಟ್ಟಿಗೆ ಬರುತ್ತವೆ, ಟೇಬಲ್ಲಿನಲ್ಲಿ ಜಾಗ ಇರುವುದಿಲ್ಲ. ‘ಮೊದಲು ಸ್ಟಾರ್ಟರ್ ಕೊಡಿ, ಮೇನ್ಸ್ ನಾವು ಹೇಳಿದ ಮೇಲೆ ಹಾಕಿ’ ಎನ್ನಿ. ಸ್ಟಾರ್ಟರ್ ಅರ್ಧ ಮುಗಿದಾಗ ಹೇಳಿಬಿಡಿ, ಪೂರ್ತಿ ಮುಗಿಸಿ ಹೇಳಿದರೆ ಇಪ್ಪತ್ತು ನಿಮಿಷ ಮೆನು ಓದುತ್ತ ಕೂರಬೇಕು.

ಪ್ರಶ್ನೆ: ಸೂಪ್ ಬೈ ಟೂ ಕೇಳಿದರೆ ಮರ್ಯಾದೆ ಹೋಗುತ್ತದೆಯೇ?
— ಓದುಗರು, ತುಮಕೂರು

ಇಲ್ಲ. ಕಾಫಿಯನ್ನೇ ಬೈ ಟೂ ಕುಡಿಯುವ ಊರಿನ ಬಿಸ್ಟ್ರೋಗಳಿಗೆ ಇದೇನೂ ಹೊಸದಲ್ಲ. ಎರಡು ಬೌಲಿನಲ್ಲಿ ಹಂಚಿ ತರಲು ಮೊದಲೇ ಹೇಳಿ, ಜತೆಯ ಬ್ರೆಡ್ ಇನ್ನೊಂದು ತುಂಡು ಬೇಕಾದರೆ ಅದಕ್ಕೆ ದುಡ್ಡಿದೆಯೇ ಕೇಳಿಕೊಳ್ಳಿ.

ಪ್ರಶ್ನೆ: 20 ರೂಪಾಯಿ ಎಂಆರ್‌ಪಿ ಇರುವ ನೀರಿನ ಬಾಟಲಿಗೆ 90 ರೂ. ಹಾಕಿದ್ದರು. ದೂರು ಕೊಡಬಹುದೇ?
— ಓದುಗರು, ದಾವಣಗೆರೆ

ಬರೀ ಆ ಕಾರಣಕ್ಕೆ ದೂರು ನಿಲ್ಲುವುದು ಕಷ್ಟ. ಹೋಟೆಲು-ರೆಸ್ಟೋರೆಂಟಿನಲ್ಲಿ ಕೂರಿಸಿ ಕೊಡುವ ಬಾಟಲಿ ನೀರಿಗೆ ಎಂಆರ್‌ಪಿಗಿಂತ ಹೆಚ್ಚು ಪಡೆಯಬಹುದೆಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿ ಹೇಳಿದೆ. ಕೂತ ಕೂಡಲೇ ವೇಟರ್ ಬಾಟಲಿಯ ಮುಚ್ಚಳ ತಿರುಗಿಸುವ ಮೊದಲು ‘ಸಾದಾ ನೀರು ಸಾಕು’ ಎನ್ನಿ. ಸೀಲ್ ಒಡೆದ ಮೇಲೆ ಮಾತಿಲ್ಲ.

ಪ್ರಶ್ನೆ: ಪಾಸ್ತಾ ಅರೆಬೆಂದಿತ್ತು, ಪಿಜ್ಜಾ ಅಂಚು ಸೀದಿತ್ತು, ಕಾಫಿ ಬೆಚ್ಚಗೆ ಮಾತ್ರ ಇತ್ತು. ವಾಪಸು ಕಳಿಸಬಹುದಿತ್ತೇ?
— ಓದುಗರು, ಉಡುಪಿ

ಮೂರೂ ಅವರ ಪದ್ಧತಿಯೇ ಇದ್ದೀತು. ಪಾಸ್ತಾವನ್ನು ಕಚ್ಚಿದಾಗ ನಡುವೆ ಸ್ವಲ್ಪ ಬಿಗಿ ಸಿಗುವಂತೆ ಬೇಯಿಸುತ್ತಾರೆ. ಬಿಳಿ ಹಿಟ್ಟಿನ ಗಂಟು ಹಲ್ಲಿಗೆ ಸಿಕ್ಕಿದರೆ ಮಾತ್ರ ಅದು ಹಸಿ. ಮೆತ್ತಗೆ ಬೇಕಿದ್ದರೆ ಆರ್ಡರ್ ಮಾಡುವಾಗಲೇ ಹೇಳಿದರೆ ಎರಡು ನಿಮಿಷ ಹೆಚ್ಚು ಕುದಿಸುತ್ತಾರೆ. ಸೌದೆ ಒಲೆಯ ಪಿಜ್ಜಾ ಅಂಚಿನಲ್ಲಿ ಕಪ್ಪು ಚುಕ್ಕೆ ಇರಬೇಕಾದದ್ದೇ. ತಿರುವಿ ನೋಡಿದಾಗ ತಳವೆಲ್ಲ ಕಪ್ಪಾಗಿ ಕಹಿಯಾಗಿದ್ದರೆ ವಾಪಸು ಕೊಡಿ. ಕ್ಯಾಪುಚಿನೊ ಹಾಲನ್ನು 60-65 ಡಿಗ್ರಿಗೇ ನಿಲ್ಲಿಸುತ್ತಾರೆ. ನಮ್ಮ ಫಿಲ್ಟರ್ ಕಾಫಿ ನಾಲಿಗೆಗೆ ಅದು ತಣ್ಣಗೇ. ‘ಎಕ್ಸ್‌ಟ್ರಾ ಹಾಟ್’ ಅಂತ ಕೇಳಿ.

ಕೋಳಿ ಮಾಂಸದ ಪ್ಯಾಟಿ ಒಳಗೆ ಹಸಿ ಹಸಿಯಾಗಿ ಗುಲಾಬಿ ಬಣ್ಣಕ್ಕಿದ್ದರೆ ಸಂಕೋಚವೇ ಬೇಡ, ಆ ಕ್ಷಣ ಕಳಿಸಿ. ಕೋಳಿ ಒಳಗೂ 74 ಡಿಗ್ರಿ ಮುಟ್ಟಬೇಕು. ಉಪ್ಪು ಜಾಸ್ತಿ, ಹಳಸಿದ ವಾಸನೆ ಅಂಥದ್ದನ್ನು ಎರಡು ತುತ್ತಿನೊಳಗೆ ಹೇಳಿಬಿಡಬೇಕು. ಮುಕ್ಕಾಲು ತಿಂದ ಮೇಲೆ ಹೇಳಿದ್ದನ್ನು ಯಾವ ಮ್ಯಾನೇಜರೂ ನಂಬುವುದಿಲ್ಲ.

ಪ್ರಶ್ನೆ: ಗೆಳತಿಯ ಹುಟ್ಟುಹಬ್ಬಕ್ಕೆ ಹತ್ತು ಜನ ಹೋಗಬೇಕು. ಕೇಕ್ ನಾವೇ ಒಯ್ಯಬಹುದೇ?
— ಓದುಗರು, ಮಂಗಳೂರು

ಫೋನ್ ಮಾಡಿ ಕೇಳಿ. ಕೆಲವರು ಸುಮ್ಮನೆ ಬಿಡುತ್ತಾರೆ, ಕೆಲವರು ತಟ್ಟೆ-ಚಾಕು ಕೊಟ್ಟು ಇಂತಿಷ್ಟು ಅಂತ ಬಿಲ್ಲಿಗೆ ಸೇರಿಸುತ್ತಾರೆ, ಸ್ವಂತ ಬೇಕರಿ ಇರುವವರು ಒಪ್ಪದೇ ಇರಬಹುದು. ಕೇಕ್ ಫ್ರಿಜ್ಜಿನಲ್ಲಿಡಲು ಜಾಗ ಇದೆಯೇ ಎಂಬುದನ್ನೂ ವಿಚಾರಿಸಿ, ಕ್ರೀಮ್ ಕೇಕ್ ಮಂಗಳೂರಿನ ಸೆಕೆಗೆ ಎರಡು ಗಂಟೆ ಹೊರಗಿರುವಂಥದ್ದಲ್ಲ. ಸ್ನೋ ಸ್ಪ್ರೇ ತರಲೇಬೇಡಿ. ಹೊತ್ತಿಸಿದ ಮೇಣದಬತ್ತಿಯ ಮೇಲೆ ಸ್ಪ್ರೇ ಹೊಡೆದರೆ ಬೆಂಕಿ ಹೊತ್ತಿಕೊಳ್ಳುತ್ತದೆ.

ಹತ್ತು ಜನಕ್ಕೆ ಆ್ಯಪಿನಲ್ಲಿ ಬುಕ್ ಮಾಡುವುದಕ್ಕಿಂತ ಫೋನೇ ವಾಸಿ. ನಾಲ್ಕು ಟೇಬಲ್ ಉದ್ದಕ್ಕೆ ಜೋಡಿಸಿದರೆ ಆ ತುದಿಯವರ ಮಾತು ಈ ತುದಿಗೆ ಕೇಳದು, ಎರಡೆರಡು ಜೋಡಿಸಿ ಚೌಕವಾಗಿ ಹಾಕಿಸಿ. ಆ್ಯಪಿನ ರಿಯಾಯಿತಿ ನಂಬಿಕೊಂಡಿದ್ದರೆ ಗುಂಪಿಗೆ, ವಾರಾಂತ್ಯಕ್ಕೆ, ಮದ್ಯಕ್ಕೆ ಅದು ಅನ್ವಯಿಸುತ್ತದೆಯೇ ಎಂದು ಅಲ್ಲೇ ಕೇಳಿ. ದುಡ್ಡನ್ನೂ ಆ್ಯಪಿನ ಮೂಲಕವೇ ಕಟ್ಟಬೇಕು. ಕಾರ್ಡ್ ಉಜ್ಜಿದ ಮೇಲೆ ರಿಯಾಯಿತಿ ನೆನಪಾದರೆ ಪ್ರಯೋಜನವಿಲ್ಲ.

ಪ್ರಶ್ನೆ: ಮಗಳು ಓದಲು ಫ್ರಾನ್ಸಿಗೆ ಹೋಗಿದ್ದಾಳೆ. ಅಲ್ಲಿಯ ಬಿಸ್ಟ್ರೋಗಳಲ್ಲಿ ಟಿಪ್ಸ್, ನೀರು ಎಲ್ಲ ಹೇಗೆ?
— ಓದುಗರು, ಧಾರವಾಡ

ಅಲ್ಲಿ ಮೆನುವಿನಲ್ಲಿ ಬರೆದ ಬೆಲೆಯಲ್ಲೇ ತೆರಿಗೆಯೂ ಸರ್ವೀಸೂ ಸೇರಿರುತ್ತದೆ. ಹಾಗಾಗಿ ಟಿಪ್ಸ್ ಕಡ್ಡಾಯವಲ್ಲ, ಇಷ್ಟವಾದರೆ ಒಂದೆರಡು ಯೂರೊ ಟೇಬಲ್ಲಿನ ಮೇಲೆ ಬಿಟ್ಟು ಬರುತ್ತಾರೆ. ನೀರು ಎಂದಷ್ಟೇ ಹೇಳಿದರೆ ದುಡ್ಡಿನ ಬಾಟಲಿ ಬಂದೀತು, ‘ಕರಾಫ್ ದೋ’ ಎಂದು ಕೇಳಿದರೆ ಹೂಜಿಯಲ್ಲಿ ನಲ್ಲಿ ನೀರು ಉಚಿತ. ಮಿಕ್ಕಿದ ಊಟ ಕಟ್ಟಿಕೊಡಲು ಕೇಳಿದರೆ 2021ರ ಜುಲೈನಿಂದ ಅವರು ಕೊಡಲೇಬೇಕು.

ಗೆಳೆಯರ ಜತೆ ಹೋಗುವುದಾದರೆ ಮಧ್ಯಾಹ್ನ ಒಳ್ಳೆಯದು. ಸ್ಟಾರ್ಟರ್-ಮೇನ್ ಅಥವಾ ಮೇನ್-ಡೆಸರ್ಟ್ ಸೇರಿಸಿ ಒಂದೇ ಬೆಲೆಗೆ ಕೊಡುವ ‘ಫಾರ್ಮ್ಯೂಲ್’ ವಾರದ ದಿನಗಳಲ್ಲಿ ಬಹಳ ಕಡೆ ಇರುತ್ತದೆ, ರಾತ್ರಿಗಿಂತ ಅಗ್ಗ. ಆದರೆ ಹನ್ನೆರಡರಿಂದ ಎರಡರೊಳಗೆ ಹೋಗಿ ಕೂರಬೇಕು. ಆಮೇಲೆ ಅನೇಕ ಅಡುಗೆಮನೆಗಳು ಸಂಜೆ ಏಳರವರೆಗೆ ಮುಚ್ಚಿರುತ್ತವೆ.